ಹೂ ಕೀಳಬೇಡಿ ಅಂದವರೇ ಹುಲ್ಲಿಗೆ ಬೆಂಕಿ ಹಾಕುತ್ತಾರೆ: ವಿಶ್ವವಿದ್ಯಾಲಯದ ಕಾಡಿನ ಬಗ್ಗೆ ಒಂದು ಪ್ರಶ್ನೆ

ಗರಿಕೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ಎರಡನೇ ವರ್ಷದಲ್ಲಿದ್ದೇನೆ. ಹೋದ ವಾರ ನಮ್ಮ ತರಗತಿಯವರನ್ನು ಮೂರು ದಿನ ಒಂದು ಸಂರಕ್ಷಿತ ಕಾಡಿಗೆ ಕರೆದುಕೊಂಡು ಹೋಗಿದ್ದರು. ಜಾಗ ವಿಶ್ವವಿದ್ಯಾಲಯದ್ದೇ. ಪೂರ್ತಿ ಕಾಡೇನಲ್ಲ, ಅರ್ಧ ಮರ, ಅರ್ಧ ಹುಲ್ಲುಗಾವಲು, ನಡುವೆ ಒಂದು ಹಳ್ಳ. ಸಂಶೋಧನೆಗೆ ಮತ್ತು ಪಾಠಕ್ಕೆ ಅಂತಲೇ ಇಟ್ಟುಕೊಂಡಿದ್ದಾರೆ. ಗೇಟಿಗೆ ಬೀಗ ಇರುತ್ತದೆ, ಸುಮ್ನೆ ಒಳಗೆ ಹೋಗುವ ಹಾಗಿಲ್ಲ.

ನಮ್ಮ ಕೆಲಸ ಮರಗಳ ಸುತ್ತಳತೆ ತೆಗೆಯುವುದು. ಹತ್ತು ಮೀಟರ್ ಉದ್ದಗಲದ ಚೌಕಕ್ಕೆ ಹಗ್ಗ ಕಟ್ಟಿ, ಅದರೊಳಗಿನ ಪ್ರತಿ ಮರವನ್ನೂ ಎದೆಮಟ್ಟದಲ್ಲಿ ಟೇಪು ಸುತ್ತಿ ಅಳೆದು ಬರೆಯಬೇಕು. ಮಧ್ಯಾಹ್ನ ಸುಸ್ತಾಗಿ, ಕೂತುಕೊಳ್ಳೋಣ ಅಂತ ಬಿದ್ದ ಮರದ ಒಂದು ತುಂಡನ್ನು ನಾಲ್ಕು ಹೆಜ್ಜೆ ಆಚೆ ಎಳೆದುಕೊಂಡೆವು. ಮೇಡಂ ನೋಡಿದವರೇ ಓಡಿ ಬಂದರು. ಅದು ಮೊದಲಿದ್ದ ಜಾಗಕ್ಕೇ, ಮೊದಲಿದ್ದ ಮಗ್ಗುಲಿಗೇ ತಿರುಗಿಸಿ ಇಡಿಸಿದರು. ನೆಲದಲ್ಲಿ ಅದರ ಅಚ್ಚು ಹಾಗೇ ಇತ್ತು. ಒದ್ದೆ ಮಣ್ಣು, ಬಿಳಿ ದಾರದಂಥ ಬೂಷ್ಟು, ಮೊಟ್ಟೆ ಕಚ್ಚಿಕೊಂಡು ಓಡುತ್ತಿದ್ದ ಇರುವೆಗಳು. ತಪ್ಪು ಮಾಡಿದೆವು ಅಂತ ಆಗಲೇ ಅನಿಸಿತು, ಆದರೆ ಎಷ್ಟು ದೊಡ್ಡ ತಪ್ಪು ಅಂತ ಗೊತ್ತಾಗಲಿಲ್ಲ.

ನನ್ನ ಪ್ರಶ್ನೆಗಳು ಇವು. ಕೊಳೆಯುತ್ತಿರುವ ಮರವನ್ನೂ ಮುಟ್ಟಬಾರದು, ಹೂ ಕೀಳಬಾರದು, ದಾರಿ ಬಿಟ್ಟು ಇಳಿಯಬಾರದು ಅಂತಾರೆ, ಆದರೆ ಅಲ್ಲೇ ಪಕ್ಕದ ಹುಲ್ಲುಗಾವಲಿನ ಒಂದು ಭಾಗಕ್ಕೆ ಪ್ರತಿ ವರ್ಷ ಅವರೇ ಬೆಂಕಿ ಹಾಕುತ್ತಾರಂತೆ, ಇದು ಹೇಗೆ ಸರಿ? ಇಷ್ಟು ದೊಡ್ಡ ಜಾಗ ವಿಶ್ವವಿದ್ಯಾಲಯದ ಕೈಯಲ್ಲಿ ಯಾಕಿರಬೇಕು, ಅಕ್ಕಪಕ್ಕದ ಜನಕ್ಕೆ ಯಾಕೆ ತೆರೆದಿರಬಾರದು? ಕೊನೆಯದು, ನನಗೆ ಜಾಸ್ತಿ ಕಾಡುತ್ತಿರುವುದು ಇದೇ: ನಮ್ಮಂಥವರು ಮೂರು ದಿನ ಹೋಗಿ ಬರೆದ ಲೆಕ್ಕ ಯಾರಿಗಾದರೂ ನಿಜವಾಗಿ ಉಪಯೋಗಕ್ಕೆ ಬರುತ್ತದಾ? ಪಾಸಾಗಲು ಮಾಡಿಸುವ ಕೆಲಸವಾ ಅದು? ಅನುಭವ ಇರುವವರು ಹೇಳಿ.

ಎಲೆಬುಟ್ಟಿ

ಗರಿಕೆ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಾನು ಪಿಎಚ್‌ಡಿಗೆ ಇಂಥದೇ ಒಂದು ಜಾಗದಲ್ಲಿ ನಾಲ್ಕು ವರ್ಷ ಕಳೆದೆ. ಮರದ ತುಂಡಿನಿಂದಲೇ ಶುರು ಮಾಡುತ್ತೇನೆ.

ಬಿದ್ದ ಮರ ಸತ್ತಿರಬಹುದು, ಅದರೊಳಗಿನ ಸಂಸಾರ ಸತ್ತಿರುವುದಿಲ್ಲ. ನೀವು ನೋಡಿದ ಬಿಳಿ ದಾರ ಇದೆಯಲ್ಲ, ಅದು ಶಿಲೀಂಧ್ರ. ಮಣ್ಣಿನಿಂದ ಮರಕ್ಕೆ, ಮರದಿಂದ ಮಣ್ಣಿಗೆ ಹರಡಿಕೊಂಡಿರುತ್ತದೆ. ಕೆಳಮಗ್ಗುಲು ಸದಾ ತಂಪು, ಮೇಲ್ಮಗ್ಗುಲು ಬಿಸಿಲಿಗೆ ಒಣಗುತ್ತದೆ. ಎರಡೂ ಕಡೆ ಬೇರೆ ಬೇರೆ ಹುಳ, ಬೇರೆ ಬೇರೆ ಅಣಬೆ. ತುಂಡು ಮಗುಚಿದರೆ ಎರಡು ಮನೆಯೂ ಹಾಳು. ಅದಕ್ಕೇ ನಿಮ್ಮ ಮೇಡಂ ಮಗ್ಗುಲು ನೋಡಿ ಇಡಿಸಿದ್ದು. ಇನ್ನೊಂದು ಮಾತು, ಅಂಥ ಜಾಗದಲ್ಲಿ ಬಿದ್ದ ಮರಕ್ಕೂ ನಂಬರ್ ಇರಬಹುದು. ಯಾವ ವರ್ಷ ಬಿತ್ತು, ಎಷ್ಟು ಮೆತ್ತಗಾಯಿತು, ಎಷ್ಟು ತೂಕ ಉಳಿಯಿತು ಅಂತ ಯಾರೋ ಹತ್ತಾರು ವರ್ಷದಿಂದ ಬರೆದುಕೊಂಡು ಬಂದಿರುತ್ತಾರೆ.

ನನ್ನ ಕೆಲಸ ಎಲೆ ಬುಟ್ಟಿಗಳದು. ಮರದ ಕೆಳಗೆ ನಾಲ್ಕು ಗೂಟ ನೆಟ್ಟು, ಸೊಳ್ಳೆಪರದೆಯಂಥ ಬಲೆಯನ್ನು ಜೋಳಿಗೆ ಹಾಗೆ ಕಟ್ಟುತ್ತೇವೆ. ಮೇಲಿಂದ ಬಿದ್ದದ್ದೆಲ್ಲ ಅದರಲ್ಲಿ ಕೂತುಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಬರಿದು ಮಾಡಿ ಎಲೆ, ಕಡ್ಡಿ, ಹೂ, ಕಾಯಿ ಬೇರೆ ಮಾಡಿ, ಪ್ರಯೋಗಾಲಯದ ಓವನ್‌ನಲ್ಲಿ ಒಣಗಿಸಿ ತೂಗಬೇಕು. ಎರಡನೇ ವರ್ಷ ಒಂದು ದಿನ ಹೋದಾಗ ಒಂದು ಸಾಲಿನ ಏಳು ಬುಟ್ಟಿಗಳ ಹಗ್ಗ ಯಾರೋ ಬಿಚ್ಚಿಕೊಂಡು ಹೋಗಿದ್ದರು. ಬಲೆಗಳು ನೆಲಕ್ಕೆ ಅಂಟಿಕೊಂಡು ಬಿದ್ದಿದ್ದವು. ಹಗ್ಗ ಎಷ್ಟು ದೊಡ್ಡ ವಸ್ತು ಹೇಳಿ, ಆದರೆ ಎಲೆ ಜಾಸ್ತಿ ಉದುರುವ ಹದಿನೈದು ದಿನ ಅವು. ಆ ಖಾಲಿ ಜಾಗ ಈಗಲೂ ನನ್ನ ಪಟ್ಟಿಯಲ್ಲಿದೆ. ಮುಂದಿನ ವರ್ಷ ಮತ್ತೆ ಎಲೆ ಉದುರುತ್ತದೆ, ನಿಜ, ಆದರೆ ಆ ವರ್ಷದ ಎಲೆ ಮತ್ತೆ ಉದುರುವುದಿಲ್ಲ. ನಾನು ಅವತ್ತು ಅತ್ತಿದ್ದೆ.

ಈಗ, ಇಷ್ಟು ಜಾಗ ವಿಶ್ವವಿದ್ಯಾಲಯದ ಕೈಯಲ್ಲಿ ಯಾಕೆ ಅಂತ ಕೇಳಿದಿರಿ. ಒಬ್ಬ ವಿದ್ಯಾರ್ಥಿ ನಾಲ್ಕೈದು ವರ್ಷ ಇರುತ್ತಾನೆ, ಸಂಶೋಧನೆಗೆ ಸಿಗುವ ಹಣ ಸಾಮಾನ್ಯವಾಗಿ ಮೂರು ವರ್ಷಕ್ಕೆ ಮುಗಿಯುತ್ತದೆ, ಮರ ಮಾತ್ರ ನೂರು ವರ್ಷ ಬದುಕುತ್ತದೆ. ಈ ಲೆಕ್ಕ ಹೊಂದುವುದೇ ಇಲ್ಲ. ಜನ ಬದಲಾದರೂ ಜಾಗ ಬದಲಾಗದೆ ಇರಬೇಕು ಅಂದರೆ ಯಾರಾದರೂ ಅದನ್ನು ಕೈಬಿಡದೆ ಹಿಡಿದುಕೊಂಡಿರಬೇಕು.

ಇಂಗ್ಲೆಂಡಿನ ವೈಥಮ್ ಕಾಡು ನೋಡಿ. 1940ರ ದಶಕದಿಂದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಆಸ್ತಿ ಅದು. 1947ರಲ್ಲಿ ಡೇವಿಡ್ ಲ್ಯಾಕ್ ಅನ್ನುವ ಪಕ್ಷಿ ವಿಜ್ಞಾನಿ ಅಲ್ಲಿ ಮರಗಳಿಗೆ ಗೂಡುಪೆಟ್ಟಿಗೆ ಕಟ್ಟಿಸಿ ಗ್ರೇಟ್ ಟಿಟ್ ಅನ್ನುವ ಪುಟ್ಟ ಹಕ್ಕಿಯನ್ನು ನೋಡಲು ಶುರು ಮಾಡಿದರು. ಇವತ್ತಿಗೂ ನಿಂತಿಲ್ಲ. ಈಗ ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳಿವೆ. ಪ್ರತಿ ವಸಂತದಲ್ಲೂ ಯಾರಾದರೊಬ್ಬರು ಹೋಗಿ ಮೊದಲ ಮೊಟ್ಟೆ ಯಾವತ್ತು ಇಟ್ಟಿತು ಅಂತ ಬರೆಯುತ್ತಾರೆ. ಅಷ್ಟೇ ಕೆಲಸ. ಆದರೆ ಆ ತಾರೀಖುಗಳನ್ನು ಸಾಲಾಗಿ ಇಟ್ಟಾಗ ಗೊತ್ತಾಗಿದ್ದು ಏನು? ಆ ಹಕ್ಕಿಗಳು ಮೊದಲಿಗಿಂತ ಎರಡು ವಾರದಷ್ಟು ಮುಂಚೆ ಮೊಟ್ಟೆ ಇಡುತ್ತಿವೆ. ವಸಂತ ಬೇಗ ಬಿಸಿಯಾಗುತ್ತಿದೆ, ಓಕ್ ಮರ ಬೇಗ ಚಿಗುರುತ್ತಿದೆ, ಚಿಗುರು ತಿನ್ನುವ ಹಸಿರು ಹುಳ ಬೇಗ ಬರುತ್ತಿದೆ, ಮರಿಗಳಿಗೆ ಆ ಹುಳವೇ ಊಟ, ಹಾಗಾಗಿ ಹಕ್ಕಿಯೂ ಮುಂದೆ ಸರಿದಿದೆ. ಲ್ಯಾಕ್ ಶುರು ಮಾಡಿದಾಗ ಹವಾಮಾನ ಬದಲಾವಣೆ ಅವರ ಪ್ರಶ್ನೆಯೇ ಆಗಿರಲಿಲ್ಲ! ನಮ್ಮ ಮೊಮ್ಮಕ್ಕಳು ಏನು ಕೇಳುತ್ತಾರೆ ಅಂತ ನಮಗೂ ಗೊತ್ತಿಲ್ಲ, ಅದಕ್ಕೇ ಬರೆದಿಡುತ್ತಾ ಹೋಗಬೇಕು.

ಸುಟ್ಟಹುಲ್ಲು

ಬೆಂಕಿ ವಿಷಯ ನನಗೆ ಬಿಡಿ. ಹುಲ್ಲುಗಾವಲಿನಲ್ಲೇ ಕೆಲಸ ಮಾಡುತ್ತೇನೆ.

ಬಹಳ ಜನ ಅಂದುಕೊಳ್ಳುವುದು ಹೇಗೆಂದರೆ, ಸುಮ್ನೆ ಬಿಟ್ಟರೆ ಪ್ರಕೃತಿ ಇದ್ದ ಹಾಗೇ ಇರುತ್ತದೆ ಅಂತ. ಹುಲ್ಲುಗಾವಲಿನ ಮಟ್ಟಿಗೆ ಅದು ತಪ್ಪು. ಮಳೆ ಸಾಕಷ್ಟು ಬೀಳುವ ಕಡೆ ಬೆಂಕಿಯೂ ಇಲ್ಲ, ಮೇಯುವ ಪ್ರಾಣಿಯೂ ಇಲ್ಲ ಅಂದರೆ ಮೊದಲು ಪೊದೆ ಬರುತ್ತದೆ, ಆಮೇಲೆ ಮರ ಬರುತ್ತದೆ, ಹುಲ್ಲಿಗೆ ಬಿಸಿಲೇ ಸಿಗುವುದಿಲ್ಲ. ಹುಲ್ಲಿನ ಜೀವ ಇರುವುದು ಬುಡದಲ್ಲಿ, ಮಣ್ಣಿನ ಒಳಗೆ. ಬೆಂಕಿ ಮೇಲಿನ ಒಣಗಿದ್ದನ್ನು ತಿಂದು ಸರಸರ ಮುಂದೆ ಹೋಗುತ್ತದೆ. ಸುಟ್ಟ ಮೇಲೆ ಕೆಲವೇ ದಿನದಲ್ಲಿ ಹೋಗಿ ನೋಡಿ, ಕಪ್ಪು ಬೂದಿಯ ನಡುವೆ ಸೂಜಿಯಂಥ ಹಸಿರು ಮೊಳಕೆ ಎದ್ದಿರುತ್ತದೆ. ಆ ಬಣ್ಣ ನೋಡಿದವರು ಮರೆಯುವುದಿಲ್ಲ.

ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಕೊಂಜಾ ಪ್ರೇರಿ ಅಂತ ಒಂದು ಹುಲ್ಲುಗಾವಲು ಇದೆ, ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯ ನೋಡಿಕೊಳ್ಳುತ್ತದೆ. ಅಲ್ಲಿ ಇಡೀ ಜಾಗವನ್ನು ನೀರು ಹರಿಯುವ ಇಳಿಜಾರಿನ ಪ್ರಕಾರ ಭಾಗ ಮಾಡಿ, ಒಂದು ಭಾಗವನ್ನು ಪ್ರತಿ ವರ್ಷ, ಇನ್ನೊಂದನ್ನು ಎರಡು ವರ್ಷಕ್ಕೊಮ್ಮೆ, ಮತ್ತೊಂದನ್ನು ನಾಲ್ಕು ವರ್ಷಕ್ಕೊಮ್ಮೆ, ಕೆಲವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಸುಡುತ್ತಾರೆ. ಒಂದೇ ಮಳೆ, ಒಂದೇ ಆಕಾಶ, ಬೆಂಕಿ ಮಾತ್ರ ಬೇರೆ. ಬೇಲಿ ಪಕ್ಕ ನಿಂತು ಎಡಕ್ಕೆ ನೋಡಿದರೆ ಹುಲ್ಲು, ಬಲಕ್ಕೆ ನೋಡಿದರೆ ಪೊದೆ. ಇದಕ್ಕಿಂತ ಒಳ್ಳೆಯ ಪಾಠದ ಕೋಣೆ ಎಲ್ಲಿ ಸಿಗುತ್ತದೆ?

ಹಾಗಾಗಿ ಗರಿಕೆ, ಹೂ ಕೀಳಬೇಡಿ ಅನ್ನುವುದಕ್ಕೂ ಬೆಂಕಿ ಹಾಕುವುದಕ್ಕೂ ಜಗಳವಿಲ್ಲ. ಯಾವುದನ್ನು ಬದಲಾಯಿಸಿದೆವು, ಯಾವಾಗ, ಎಷ್ಟು ಅನ್ನುವುದು ಬರಹದಲ್ಲಿ ಇರಬೇಕು, ಅಷ್ಟೇ. ಬೆಂಕಿಯ ಲೆಕ್ಕ ಪುಸ್ತಕದಲ್ಲಿದೆ. ನೀವು ಕಿತ್ತ ಹೂವಿನ ಲೆಕ್ಕ ಎಲ್ಲೂ ಇಲ್ಲ. ಮುಂದಿನ ಸಲ ಹೋದಾಗ ಕಚೇರಿಯಲ್ಲಿ ನಕ್ಷೆ ಕೇಳಿ. ಏನನ್ನೂ ಮಾಡದೆ ಹೋಲಿಕೆಗೆ ಅಂತಲೇ ಬಿಟ್ಟಿರುವ ನೆಲದ ತುಂಡುಗಳು ಇರುತ್ತವೆ. ಹೊರಗಿನವರಿಗೆ ಅವು ಪಾಳುಬಿದ್ದ ಹಾಗೆ ಕಾಣುತ್ತವೆ, ಆದರೆ ಅವಿಲ್ಲದೆ ಉಳಿದದ್ದಕ್ಕೆ ಬೆಲೆಯಿಲ್ಲ.

ಇನ್ನು ಕೈ ಹಾಕಿ ಮಾಡುವ ಪ್ರಯೋಗ ಅಂದರೆ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧನಾ ಜಾಗ ಸೀಡರ್ ಕ್ರೀಕ್. ಒಂಬತ್ತು ಮೀಟರ್ ಚೌಕದ 168 ಪ್ಲಾಟುಗಳು. 1994ರಲ್ಲಿ ಕೆಲವಕ್ಕೆ ಒಂದೇ ಜಾತಿಯ ಗಿಡ, ಕೆಲವಕ್ಕೆ ಎರಡು, ನಾಲ್ಕು, ಎಂಟು, ಹದಿನಾರು ಜಾತಿ ಅಂತ ಬಿತ್ತಿದರು. ಒಂದೇ ಜಾತಿ ಇರಬೇಕಾದ ಕಡೆ ಬೇರೆ ಜಾತಿ ಮೊಳೆತರೆ? ಕೈಯಿಂದ ಕೀಳಬೇಕು. ಪ್ರತಿ ಬೇಸಿಗೆ ನಿಮ್ಮಂಥ ವಿದ್ಯಾರ್ಥಿಗಳೇ ಮೊಣಕಾಲೂರಿ ಕೂತು ಕಳೆ ಕಿತ್ತಿದ್ದಾರೆ. ಜಾತಿ ಜಾಸ್ತಿ ಇದ್ದ ಪ್ಲಾಟುಗಳಲ್ಲಿ ಬೆಳೆ ಜಾಸ್ತಿ, ವರ್ಷದಿಂದ ವರ್ಷಕ್ಕೆ ಏರುಪೇರು ಕಡಿಮೆ ಅಂತ ಕಂಡುಬಂತು. ಅದಕ್ಕೂ ಮೊದಲೇ, 1988ರ ಬರದ ಕಾಲದಲ್ಲಿ, ಅಲ್ಲಿನ ಬೇರೆ ಪ್ಲಾಟುಗಳಲ್ಲಿ ಡೇವಿಡ್ ಟಿಲ್ಮನ್ ಅನ್ನುವ ಪರಿಸರ ವಿಜ್ಞಾನಿ ಮತ್ತು ಅವರ ಜೊತೆಗಾರರು ಇಂಥದ್ದೇ ಗಮನಿಸಿದ್ದರು. ಜಾತಿ ಕಡಿಮೆ ಇದ್ದ ಕಡೆ ಬರದ ಹೊಡೆತ ಜೋರಾಗಿ ಬಿದ್ದಿತ್ತು. ಬರ ಬರುತ್ತದೆ ಅಂತ ಯಾರೂ ಕಾದಿರಲಿಲ್ಲ. ಅಳೆಯುವ ಕೆಲಸ 1982ರಿಂದಲೇ ನಡೆಯುತ್ತಿತ್ತು, ಬರ ಬಂದಾಗ ಹಿಂದಿನ ಲೆಕ್ಕ ಕೈಯಲ್ಲಿತ್ತು.

ಕಾಲುದಾರಿ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಗೇಟಿನ ಬೀಗದ ಬಗ್ಗೆ ಇಬ್ಬರೂ ಬೇಗ ದಾಟಿ ಹೋದಿರಿ. ನಾನು ಸಂಶೋಧಕಳಲ್ಲ. ಇಂಥದೊಂದು ಜಾಗದ ಬೇಲಿ ಪಕ್ಕದಲ್ಲಿ ಹುಟ್ಟಿ ಬೆಳೆದವಳು.

ನಾನು ಚಿಕ್ಕವಳಿದ್ದಾಗ ಅಲ್ಲೊಂದು ಕಾಲುದಾರಿ ಇತ್ತು. ಅಜ್ಜಿ ಜೊತೆ ಎಷ್ಟು ಸಲ ನಡೆದಿದ್ದೇನೋ. ಒಂದು ದಿನ ತಂತಿ ಬೇಲಿ ಬಂತು, "ಪ್ರವೇಶವಿಲ್ಲ" ಅಂತ ಬೋರ್ಡು ಬಂತು. ಯಾಕೆ ಅಂತ ಒಬ್ಬರೂ ಬಂದು ಹೇಳಲಿಲ್ಲ. ಆಮೇಲೆ ಜನ ಬೇಲಿ ಕತ್ತರಿಸಿದರು, ಅವರು ಮತ್ತೆ ಕಟ್ಟಿದರು, ಹೀಗೇ ಎಷ್ಟೋ ವರ್ಷ. ಎಲೆಬುಟ್ಟಿಯವರೇ, ನಿಮ್ಮ ಹಗ್ಗ ಬಿಚ್ಚಿದವರಿಗೆ ಅದು ಏನು ಅಂತ ಗೊತ್ತಿತ್ತಾ? ಗೊತ್ತಿದ್ದರೆ ಬಿಚ್ಚುತ್ತಿದ್ದರಾ? ಕಳ್ಳತನ ಸರಿ ಅಂತಲ್ಲ. ಹೇಳದೆ ಮುಚ್ಚಿದ ಜಾಗವನ್ನು ಯಾರೂ ತಮ್ಮದು ಅಂದುಕೊಳ್ಳುವುದಿಲ್ಲ.

ಬೇರೆ ಬೇರೆ ಕಡೆ ಬೇರೆ ಬೇರೆ ದಾರಿ ಕಂಡುಕೊಂಡಿದ್ದಾರೆ. ವೈಥಮ್ ಕಾಡಿನಲ್ಲಿ ನಡೆದಾಡಲು ಜನರಿಗೆ ಅನುಮತಿ ಪತ್ರ ಕೊಡುವ ಪದ್ಧತಿ ಇಟ್ಟುಕೊಂಡರು, ನಾಯಿ ಮಾತ್ರ ಕರೆತರುವ ಹಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾಸ್ಪರ್ ರಿಡ್ಜ್ 1973ರಲ್ಲಿ ಸಂರಕ್ಷಿತ ಜಾಗವಾಯಿತು. ಅಲ್ಲಿ ಸುಮ್ನೆ ಒಳಗೆ ಹೋಗಲು ಆಗುವುದಿಲ್ಲ, ಆದರೆ ಊರಿನ ಜನ ಮತ್ತು ವಿದ್ಯಾರ್ಥಿಗಳು ತರಬೇತಿ ಪಡೆದು ಮಾರ್ಗದರ್ಶಿಗಳಾಗಿ ಬೇರೆಯವರನ್ನು ಕರೆದುಕೊಂಡು ಹೋಗುತ್ತಾರೆ. ಇದು ನನಗೆ ತುಂಬಾ ಇಷ್ಟವಾದ ಪದ್ಧತಿ. ಬೀಗವೂ ಇರುತ್ತದೆ, ಬೀಗದ ಕೈ ಹಿಡಿದವರು ನೆರೆಯವರೇ ಆಗಿರುತ್ತಾರೆ.

ನಮ್ಮಲ್ಲೂ ಕೊನೆಗೆ ತಿಂಗಳಿಗೊಮ್ಮೆ ನಡಿಗೆ ಶುರುವಾಯಿತು. ಆರು ವರ್ಷದಿಂದ ನಾನೇ ಜನರನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಮೊದಲು ಮಾಡಿಸುವ ಕೆಲಸ ಏನು ಗೊತ್ತಾ? ಗೇಟಿನ ಹತ್ತಿರ ಎಲ್ಲರ ಚಪ್ಪಲಿ, ಶೂ ಅಡಿಯನ್ನು ಬ್ರಷ್‌ನಿಂದ ಉಜ್ಜಿಸುತ್ತೇನೆ. ಕೆಳಗೆ ಬಿಳಿ ಕಾಗದ ಹಾಸಿರುತ್ತೇನೆ. ಉದುರಿದ ಮಣ್ಣನ್ನು ಭೂತಗನ್ನಡಿಯಲ್ಲಿ ನೋಡಿ ಅಂದಾಗ ಮಕ್ಕಳು ಮುಗಿಬೀಳುತ್ತಾರೆ. ಒಬ್ಬರ ಕಾಲಲ್ಲೇ ಹತ್ತಿಪ್ಪತ್ತು ಬೀಜ! ಅವು ಒಳಗೆ ಉದುರಿದರೆ ಹೊರಗಿನ ಕಳೆ ಅಲ್ಲಿ ಮೊಳೆಯಬಹುದು. ದಾರಿ ಬಿಟ್ಟು ಯಾಕೆ ಇಳಿಯಬಾರದು ಅಂತ ಆಮೇಲೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಹೇಳಲೇಬೇಕು. ಮನುಷ್ಯರ ಕೈ ಸೋಕದ ಜಾಗ ಅಂತ ಹೇಳುವ ಅಭ್ಯಾಸ ಬಿಡೋಣ. ಸುಟ್ಟಹುಲ್ಲು ಹೇಳಿದ ಬೆಂಕಿಯನ್ನೇ ತೆಗೆದುಕೊಳ್ಳಿ. ಅಮೆರಿಕದ ಆ ಹುಲ್ಲುಗಾವಲುಗಳಿಗೆ ವಿಶ್ವವಿದ್ಯಾಲಯಗಳು ಹುಟ್ಟುವ ಎಷ್ಟೋ ಮೊದಲೇ ಅಲ್ಲಿನ ಮೂಲ ಜನ ಬೆಂಕಿ ಹಾಕುತ್ತಿದ್ದರು. ಜಾಸ್ಪರ್ ರಿಡ್ಜ್ ಇರುವ ನೆಲ ಒಹ್ಲೋನಿ ಅನ್ನುವ ಮೂಲ ಜನರದ್ದು. ಆ ತಿಳಿವಳಿಕೆಯೂ ಪಾಠದ ಭಾಗವಾಗಬೇಕು, ಅಲ್ವಾ?

ಎಲೆಬುಟ್ಟಿ

ಕಾಲುದಾರಿ ಅವರೇ, ನಿಮ್ಮ ಮಾತು ನಾಟಿತು. ನನ್ನ ಬುಟ್ಟಿಗಳಿಗೆ ಒಂದು ಚೀಟಿ ಕೂಡ ಕಟ್ಟಿರಲಿಲ್ಲ. ಇದು ಏನು, ಯಾಕೆ ಅಂತ ಎರಡು ಸಾಲು ಬರೆದು ತೂಗುಹಾಕಬಹುದಿತ್ತು. ಈಗ ನನ್ನ ವಿದ್ಯಾರ್ಥಿಗಳಿಗೆ ಕಡ್ಡಾಯ ಮಾಡುತ್ತೇನೆ.

ಗರಿಕೆ

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ಸಲ ಓದಿದೆ. ಮರದ ತುಂಡಿನ ವಿಷಯ ನನ್ನ ಗೆಳತಿಯರಿಗೂ ಕಳಿಸಿದೆ.

ಆದರೆ ಕೊನೆಯ ಪ್ರಶ್ನೆ ಹಾಗೇ ಉಳಿದಿದೆ. ನಾವು ಕಲಿಯುವವರು, ಟೇಪು ಹಿಡಿಯಲು ಬರುವುದಿಲ್ಲ. ಒಂದೇ ಮರವನ್ನು ನಾನು 94 ಸೆಂಟಿಮೀಟರ್ ಅಂತ ಬರೆದರೆ ಗೆಳತಿ 97 ಅಂತ ಬರೆದಳು. ಇಂಥ ಲೆಕ್ಕ ಇಟ್ಟುಕೊಂಡು ಏನು ಮಾಡುತ್ತಾರೆ? ನಮ್ಮ ಒಂದು ಚೌಕದಲ್ಲಿ ಹೋದ ಸಲದ ಪಟ್ಟಿಯಲ್ಲಿದ್ದ ಎರಡು ಗಿಡ ಕಾಣಲೇ ಇಲ್ಲ, ಆ ಜಾಗ ಖಾಲಿ ಬಿಟ್ಟು ಬಂದೆವು.

ಎಲೆಬುಟ್ಟಿ

ಮೊದಲನೆಯದು ಸುಲಭ. ಇಬ್ಬರ ಅಳತೆ ಬೇರೆಯಾಯಿತು ಅಂತ ನಿಮಗೆ ಗೊತ್ತಾಗಿದೆಯಲ್ಲ, ಅದೇ ದೊಡ್ಡ ಪಾಠ. ಟೇಪು ಓರೆಯಾಗಿರಬಹುದು, ಬಳ್ಳಿ ಮೇಲೆ ಸುತ್ತಿರಬಹುದು, ಒಬ್ಬರು ಇಳಿಜಾರಿನ ಮೇಲ್ಗಡೆ ನಿಂತು ಇನ್ನೊಬ್ಬರು ಕೆಳಗಡೆ ನಿಂತು ಎದೆಮಟ್ಟ ನೋಡಿರಬಹುದು. ಎರಡನ್ನೂ ಬರೆಯಿರಿ, ಯಾರು ಅಳೆದರು ಅಂತಲೂ ಬರೆಯಿರಿ, ಹೊಡೆದು ಹಾಕಬೇಡಿ. ಐದು ವರ್ಷ ಆದಮೇಲೆ ಅದೇ ಮರ ಎರಡು ಸೆಂಟಿಮೀಟರ್ ದಪ್ಪ ಆಯಿತು ಅಂದಾಗ, ಅದು ಬೆಳೆದದ್ದಾ ಅಥವಾ ಟೇಪು ಓರೆಯಾದದ್ದಾ ಅಂತ ಹೇಳಲು ಈ ವ್ಯತ್ಯಾಸದ ಅಂದಾಜು ಬೇಕೇ ಬೇಕು.

ಎರಡನೆಯದು ಮುಖ್ಯ. ಖಾಲಿ ಬಿಡಬೇಡಿ. ಖಾಲಿ ಅಂದರೆ ನೋಡಲಿಲ್ಲ ಅಂತ ಅರ್ಥ. ನೋಡಿದೆವು, ಇಲ್ಲ ಅಂದರೆ "ಇಲ್ಲ" ಅಂತ ಬರೆಯಬೇಕು. ಜಾಸ್ಪರ್ ರಿಡ್ಜ್‌ನಲ್ಲಿ ಬೇ ಚೆಕರ್‌ಸ್ಪಾಟ್ ಅನ್ನುವ ಚಿಟ್ಟೆ ಇತ್ತು. ಪಾಲ್ ಎರ್ಲಿಕ್ ಅನ್ನುವ ಜೀವವಿಜ್ಞಾನಿ ಮತ್ತು ಅವರ ವಿದ್ಯಾರ್ಥಿಗಳು 1960ರ ಸುಮಾರಿಗೆ ಅದನ್ನು ಎಣಿಸಲು ಶುರು ಮಾಡಿದರು. ಎಣಿಸುತ್ತಾ ಎಣಿಸುತ್ತಾ ಹೋದಂತೆ ಸಂಖ್ಯೆ ಕುಸಿಯಿತು, 1990ರ ದಶಕ ಮುಗಿಯುವ ಹೊತ್ತಿಗೆ ಅಲ್ಲಿ ಆ ಚಿಟ್ಟೆ ಇಲ್ಲವಾಯಿತು. ಕಳೆದುಕೊಂಡದ್ದು ಕಳೆದುಕೊಂಡದ್ದೇ. ಆದರೆ ವರ್ಷ ವರ್ಷದ ಲೆಕ್ಕ ಇದ್ದದ್ದರಿಂದ ಕಾರಣ ಹುಡುಕಲು ಆಯಿತು. ಅದರ ಮರಿಹುಳು ತಿನ್ನುವುದು ಒಂದು ಪುಟ್ಟ ಗಿಡವನ್ನು. ಗಿಡ ಒಣಗುವ ಮೊದಲು ಹುಳ ಸಾಕಷ್ಟು ಬೆಳೆದಿರಬೇಕು. ಮಳೆ ಒಂದು ವರ್ಷ ವಿಪರೀತ, ಇನ್ನೊಂದು ವರ್ಷ ತೀರಾ ಕಡಿಮೆ ಆಗತೊಡಗಿದಾಗ ಆ ಹೊಂದಾಣಿಕೆ ತಪ್ಪಿತು. "ಇಲ್ಲ" ಅಂತ ಬರೆದ ಆ ವರ್ಷಗಳಿಗೂ ಚಿಟ್ಟೆ ತುಂಬಿದ್ದ ವರ್ಷಗಳಷ್ಟೇ ತೂಕ ಇದೆ.

ಬೇಗ ನಿಲ್ಲಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಹಾರ್ವರ್ಡ್ ಫಾರೆಸ್ಟ್ ನೋಡಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಈ ಕಾಡು 1907ರಿಂದ ಇದೆ. 1991ರಲ್ಲಿ ಅಲ್ಲಿ ಮಣ್ಣಿನೊಳಗೆ ತಂತಿ ಹೂತು, ಸುತ್ತಲಿನ ಮಣ್ಣಿಗಿಂತ ಐದು ಡಿಗ್ರಿ ಜಾಸ್ತಿ ಬಿಸಿ ಇಡಲು ಶುರು ಮಾಡಿದರು. ಮೊದಲ ಹತ್ತು ವರ್ಷ ಬಿಸಿ ಮಣ್ಣಿನಿಂದ ಇಂಗಾಲ (ಕಾರ್ಬನ್ ಡೈಆಕ್ಸೈಡ್ ಅನಿಲವಾಗಿ) ಜೋರಾಗಿ ಹೊರಬಂತು. ಆಮೇಲೆ ಕೆಲವು ವರ್ಷ ಬಿಸಿ ಮಾಡದ ಮಣ್ಣಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಆಯಿತು, ಮುಗಿಯಿತು ಅಂತ ಬರೆದುಬಿಡುತ್ತಿದ್ದರು. ನಿಲ್ಲಿಸಲಿಲ್ಲ. ಮತ್ತೆ ಇಂಗಾಲ ಹೊರಬರತೊಡಗಿತು! ಅಷ್ಟರಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಗುಂಪೇ ಬದಲಾಗಿತ್ತು.

ನಿಮ್ಮ ಮೂರು ದಿನ ಅಂಥ ಸರಪಳಿಯ ಒಂದು ಕೊಂಡಿ. ಹೋದ ಸಲದ ಪಟ್ಟಿ ನಿಮ್ಮ ಕೈಗೆ ಬಂತಲ್ಲ, ಅದನ್ನು ಬರೆದವರೂ ಎರಡನೇ ವರ್ಷದವರೇ ಇದ್ದಿರಬೇಕು.

ಗರಿಕೆ

ಈಗಲೇ ಮೇಡಂಗೆ ಫೋನ್ ಮಾಡಿದೆ. ಆ ಎರಡು ಗಿಡಗಳ ಮುಂದೆ "ಹುಡುಕಿದೆವು, ಇಲ್ಲ" ಅಂತ ತಾರೀಖು ಸಮೇತ ಬರೆಯಲು ಹೇಳಿದರು. ಮುಂದಿನ ತಿಂಗಳು ಇನ್ನೊಮ್ಮೆ ಹೋಗುತ್ತಿದ್ದೇವೆ, ಹೊಸ ಮರಗಳಿಗೆ ಅಲ್ಯೂಮಿನಿಯಂ ಬಿಲ್ಲೆ ಹೊಡೆಯುವ ಕೆಲಸ ನಮಗೇ ಕೊಟ್ಟಿದ್ದಾರೆ. ಗಮನಿಸಬೇಕಾದದ್ದು ಏನಾದರೂ ಇದ್ದರೆ ಹೇಳಿ.

ಸುಟ್ಟಹುಲ್ಲು

ಮೊಳೆಯನ್ನು ಪೂರ್ತಿ ಬಡಿಯಬೇಡಿ. ಎರಡು ಬೆರಳಿನಷ್ಟು ಹೊರಗೆ ಬಿಡಿ, ಬಿಲ್ಲೆ ಸಡಿಲವಾಗಿ ತೂಗಾಡುತ್ತಿರಲಿ. ಮರ ದಪ್ಪ ಆಗುತ್ತಾ ಬಂದಂತೆ ತೊಗಟೆ ಮುಂದೆ ಬರುತ್ತದೆ, ಬಿಗಿಯಾಗಿ ಹೊಡೆದ ಬಿಲ್ಲೆಯನ್ನು ನುಂಗಿಬಿಡುತ್ತದೆ. ಅಂಚು ಮಾತ್ರ ಕಾಣುವ, ನಂಬರ್ ಓದಲಾಗದ ಬಿಲ್ಲೆಗಳನ್ನು ನಾನು ಎಷ್ಟೋ ನೋಡಿದ್ದೇನೆ. ಮೊಳೆ ಅಳತೆ ತೆಗೆಯುವ ಜಾಗಕ್ಕಿಂತ ಒಂದು ಗೇಣು ಮೇಲಿರಲಿ, ಇಲ್ಲದಿದ್ದರೆ ಗಾಯ ಉಬ್ಬಿ ಸುತ್ತಳತೆ ಕೆಡುತ್ತದೆ. ಪೆನ್ನು ಬೇಡ, ಪೆನ್ಸಿಲ್ ಒಯ್ಯಿರಿ. ಮಳೆ ಬಂದರೂ ಅಳಿಸುವುದಿಲ್ಲ.